7ನೇ ತರಗತಿಯ ಪೋಷಕರಿಗೆ: ಮ್ಯೂಸಿಯಂ ಭೇಟಿ ಮತ್ತು ಫೋನಿನ ವಿಷಯ

ಪ್ರಿಯ ಪೋಷಕರೇ,

ನಮಸ್ಕಾರ.

ಕಳೆದ ತಿಂಗಳ ಮ್ಯೂಸಿಯಂ ಭೇಟಿಯ ಬಗ್ಗೆ ನಿಮ್ಮಲ್ಲಿ ಹಲವರು ಪತ್ರ ಬರೆದಿದ್ದೀರಿ. ಕೆಲವರು ನೇರವಾಗಿ ಬಂದು ಮಾತಾಡಿದ್ದೀರಿ. ಒಬ್ಬ ತಂದೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಮೇಡಂ, ಮಕ್ಕಳನ್ನು ಅಷ್ಟು ದೂರ ಕರೆದುಕೊಂಡು ಹೋಗಿ ಕತ್ತಲೆ ತೋರಿಸಿಕೊಂಡು ಬಂದಿದ್ದೀರಿ!" ಕೇಳಿ ನಗು ಬಂತು, ಬೇಜಾರೂ ಆಯಿತು. ಮಾತಿನಲ್ಲಿ ಸ್ವಲ್ಪ ನಿಜ ಇತ್ತು, ಅದಕ್ಕೇ ಬೇಜಾರು.

ನಡೆದದ್ದನ್ನು ಮಕ್ಕಳ ಬಾಯಲ್ಲಿ ಅರ್ಧಂಬರ್ಧ ಕೇಳಿರುತ್ತೀರಿ. ಪೂರ್ತಿ ನಾನು ಹೇಳುತ್ತೇನೆ. ನಾವು ನೋಡಲು ಹೋಗಿದ್ದು ಹಳೆಯ ಹತ್ತಿ ಬಟ್ಟೆಗಳನ್ನು. ಅಚ್ಚು ಹಾಕಿದ್ದು, ಕಲಮಿನಲ್ಲಿ ಬರೆದು ಬಣ್ಣ ಕಟ್ಟಿದ್ದು, ಎರಡೂ ಇದ್ದವು. ಕೋಣೆಯಲ್ಲಿ ಬೆಳಕು ತೀರಾ ಕಡಿಮೆ ಇತ್ತು. ಕಾಣಿಸುತ್ತಿಲ್ಲ ಅಂತ ನಾಲ್ಕೈದು ಮಕ್ಕಳು ಫೋನ್ ತೆಗೆದು ಟಾರ್ಚ್ ಹಾಕಿದರು. ಅವರನ್ನು ನೋಡಿ ಇನ್ನಷ್ಟು ಮಕ್ಕಳು ಹಾಕಿದರು. ಆ ಗಲಾಟೆಯಲ್ಲಿ ಒಬ್ಬ ಹುಡುಗ ಅಡ್ಡ ಕಟ್ಟಿದ್ದ ಹಗ್ಗದ ಮೇಲೆ ಬಾಗಿ ಬಟ್ಟೆಗೆ ಬೆರಳಿಟ್ಟ. ಸಿಬ್ಬಂದಿ ಭೇಟಿಯನ್ನು ಅಲ್ಲಿಗೇ ನಿಲ್ಲಿಸಿದರು. ಎರಡು ಗಂಟೆ ನೋಡಬೇಕಾದದ್ದು ನಲವತ್ತು ನಿಮಿಷಕ್ಕೆ ಮುಗಿಯಿತು. ಇಷ್ಟೇ ನಡೆದದ್ದು. ಬಟ್ಟೆಗೆ ಏನೂ ಆಗಿಲ್ಲ. ಯಾರೂ ಮಕ್ಕಳನ್ನು ಬೈದಿಲ್ಲ. ದಂಡ ಹಾಕಿದ್ದಾರೆ ಅಂತ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು ಸುಳ್ಳು. ದಯವಿಟ್ಟು ಅದನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಮ್ಯೂಸಿಯಂನವರು ದೊಡ್ಡ ಮನಸ್ಸು ಮಾಡಿ ಮತ್ತೊಮ್ಮೆ ಬನ್ನಿ ಅಂದಿದ್ದಾರೆ. ಬರುವ ತಿಂಗಳ ಎರಡನೇ ಶುಕ್ರವಾರ ಹೋಗುತ್ತೇವೆ. ಈ ಸಲ ಯಾವ ಮಗುವೂ ಫೋನ್ ತರುವ ಹಾಗಿಲ್ಲ. ಬಸ್ಸಿನಲ್ಲಿ ಬ್ಯಾಗಿನೊಳಗೆ ಇಟ್ಟುಕೊಂಡಿರುತ್ತೇವೆ ಅಂದರೂ ಆಗುವುದಿಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಕೆಲವರ ಹುಬ್ಬು ಗಂಟಿಕ್ಕಿರುತ್ತದೆ. ಗೊತ್ತು. ಸ್ವಲ್ಪ ಪೂರ್ತಿ ಓದಿ.

ಅಲ್ಲಿ ಯಾಕೆ ಅಷ್ಟು ಕತ್ತಲೆ ಅಂತ ಮಕ್ಕಳಿಗೆ ಮೊದಲೇ ಹೇಳಬೇಕಿತ್ತು. ಹೇಳಿರಲಿಲ್ಲ. ಅದು ನಮ್ಮ ತಪ್ಪು, ಮಕ್ಕಳದ್ದಲ್ಲ. ನೇರವಾಗಿ ಹೇಳುವುದಾದರೆ, ನಮ್ಮ ಶಿಕ್ಷಕರಲ್ಲೂ ಎಲ್ಲರಿಗೂ ಅದು ಗೊತ್ತಿರಲಿಲ್ಲ. ಆ ದಿನ ಒಬ್ಬ ಹುಡುಗಿ ಒಂದು ದೊಡ್ಡ ಬಟ್ಟೆಯ ಮುಂದೆ ನಿಂತು, "ಮಿಸ್, ಇದರಲ್ಲಿ ಎಲೆ ಎಲ್ಲ ನೀಲಿ ಯಾಕೆ?" ಅಂತ ಕೇಳಿದಳು. ಕೆಂಪು ಹೂ, ಕಪ್ಪು ಗೆರೆ, ನೀಲಿ ಎಲೆ. ಬರೆದವರಿಗೆ ಎಲೆ ಹಸಿರು ಅಂತ ಗೊತ್ತಿರಲಿಲ್ಲವಾ? ಆಗ ನನ್ನ ಬಾಯಿ ಕಟ್ಟಿತು. ಆಮೇಲೆ ಮ್ಯೂಸಿಯಂನವರ ಹತ್ತಿರ ಕೇಳಿ ತಿಳಿದುಕೊಂಡೆ. ಕತ್ತಲೆ ಯಾಕೆ ಅನ್ನುವುದಕ್ಕೂ ಅದೇ ಉತ್ತರ, ಹಾಗಾಗಿ ಬರೆಯುತ್ತಿದ್ದೇನೆ.

ಇನ್ನೂರು ಮುನ್ನೂರು ವರ್ಷದ ಹಿಂದೆ ಕೋರಮಂಡಲ ಕರಾವಳಿಯಲ್ಲಿ, ಮಚಲೀಪಟ್ಟಣದಂಥ ಊರುಗಳ ಸುತ್ತ, ಈ ಬಟ್ಟೆ ಮಾಡುತ್ತಿದ್ದವರು ಇಂದಿನ ಹಾಗೆ ಬಣ್ಣವನ್ನು ಬಟ್ಟೆಯ ಮೇಲೆ ಬಳಿಯುತ್ತಿರಲಿಲ್ಲ. ಮೊದಲು ಬಟ್ಟೆಯನ್ನು ಅಳಲೆಕಾಯಿ ರಸ ಮತ್ತು ಎಮ್ಮೆ ಹಾಲಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಹಾಲಿನ ಜಿಡ್ಡಿದ್ದರೆ ಗೆರೆ ಹರಡುವುದಿಲ್ಲ. ಕಪ್ಪು ಗೆರೆಗೆ, ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ನೆನೆಸಿಟ್ಟ ರಸ. ಕೆಂಪು ಬೇಕಾದ ಕಡೆ ಪಟಿಕದ ನೀರು. ಆ ನೀರಿಗೆ ತನ್ನದೇ ಬಣ್ಣ ಅಂತ ಇಲ್ಲ. ಆಮೇಲೆ ಇಡೀ ಬಟ್ಟೆಯನ್ನು ಚಾಯ್ ಅನ್ನುವ ಗಿಡದ (ಕುಡಿಯುವ ಚಹಾ ಅಲ್ಲ) ಕೆಂಪು ಬಣ್ಣ ಕೊಡುವ ಬೇರಿನ ಜೊತೆ ಕುದಿಸಿದರೆ, ಪಟಿಕ ಬಿದ್ದ ಕಡೆ ಮಾತ್ರ ಕೆಂಪು ಕಚ್ಚಿ ನಿಲ್ಲುತ್ತಿತ್ತು. ಉಳಿದದ್ದು ತೊಳೆದಾಗ, ಬಿಸಿಲಿಗೆ ಹಾಕಿದಾಗ ಬಿಳಿಯಾಗುತ್ತಿತ್ತು. ನೀಲಿಗೆ ಇನ್ನೊಂದು ದಾರಿ. ನೀಲಿ ಬೇಡದ ಕಡೆಗೆಲ್ಲ ಮೇಣ ಬಳಿದು, ಬಟ್ಟೆಯನ್ನು ನೀಲಿ ತೊಟ್ಟಿಯಲ್ಲಿ ಅದ್ದುವುದು. ಒಂದು ಬಟ್ಟೆ ಮುಗಿಯಲು ವಾರಗಟ್ಟಲೆ ಬೇಕಾಗುತ್ತಿತ್ತು.

ಹಸಿರಿಗೆ ಬೇರೆ ಬಣ್ಣ ಇರಲಿಲ್ಲ. ನೀಲಿಯ ಮೇಲೆ ಹಳದಿ ಬಳಿದರೆ ಹಸಿರು. ನೀಲಿ ಗಟ್ಟಿ ಬಣ್ಣ, ಹಳದಿ ಬಡಪಾಯಿ. ಬೆಳಕು ಬಿದ್ದು ಬಿದ್ದು ಹಳದಿ ಹೊರಟುಹೋಯಿತು, ಕೆಳಗಿನ ನೀಲಿ ಉಳಿಯಿತು. ಆ ಹುಡುಗಿ ನೋಡಿದ್ದು ಹಸಿರು ಕಳೆದುಕೊಂಡ ಎಲೆಗಳನ್ನು.

ಬೆಳಕು ಮಾಡುವ ಹಾನಿ ಕೂಡುತ್ತಾ ಹೋಗುತ್ತದೆ. ಕತ್ತಲೆಯಲ್ಲಿಟ್ಟರೆ ನಿಲ್ಲುತ್ತದೆ, ಆದರೆ ಹೋದ ಬಣ್ಣ ವಾಪಸ್ ಬರುವುದಿಲ್ಲ. ಪ್ರತಿ ಬಟ್ಟೆಯೂ ಒಂದು ಹುಂಡಿ ಇದ್ದ ಹಾಗೆ ಅಂದುಕೊಳ್ಳಿ. ನೋಡಲು ಬಂದವರೆಲ್ಲ ಅದರಿಂದ ಚೂರು ತೆಗೆಯುತ್ತಾರೆ, ಹಾಕುವವರು ಯಾರೂ ಇಲ್ಲ. ಅದಕ್ಕೇ ಮ್ಯೂಸಿಯಂಗಳು ಇಂಥ ಬಟ್ಟೆಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಬಿಡುವುದಿಲ್ಲ. ಲಕ್ಸ್ ಅಂದರೆ ಬೆಳಕಿನ ಅಳತೆ. ಓದುವ ಬರೆಯುವ ತರಗತಿಗೆ 300 ಲಕ್ಸ್ ಆದರೂ ಬೇಕು. ಮಧ್ಯಾಹ್ನದ ಬಯಲ ಬಿಸಿಲು ಒಂದು ಲಕ್ಷದ ಹತ್ತಿರ ಹೋಗುತ್ತದೆ. ಅಷ್ಟು ಕಡಿಮೆ ಬೆಳಕಿನಲ್ಲೂ ಬಟ್ಟೆಯನ್ನು ಕೆಲವು ತಿಂಗಳು ಮಾತ್ರ ತೋರಿಸಿ, ಆಮೇಲೆ ಕೊಳವೆಗೆ ಸುತ್ತಿ ಒಳಗೆ ಇಟ್ಟುಬಿಡುತ್ತಾರೆ. ಐದು ಹತ್ತು ನಿಮಿಷ ಸುಮ್ನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ, ಎಲ್ಲ ಕಾಣುತ್ತದೆ. ನಮ್ಮ ಮಕ್ಕಳಿಗೆ ಆ ಐದು ನಿಮಿಷ ಸಿಗಲಿಲ್ಲ. ಕೈಯಲ್ಲಿ ಟಾರ್ಚ್ ಇತ್ತಲ್ಲ.

ಒಂದು ಟಾರ್ಚ್ ಒಂದು ನಿಮಿಷದಲ್ಲಿ ಬಟ್ಟೆ ಹಾಳು ಮಾಡುತ್ತಾ ಅಂತ ಕೇಳಿದ್ದೀರಿ. ಇಲ್ಲ, ಮಾಡುವುದಿಲ್ಲ. ಆದರೆ ದಿನಕ್ಕೊಂದು ಶಾಲೆ, ಶಾಲೆಗೊಂದಿಷ್ಟು ಟಾರ್ಚ್ ಅಂತ ಲೆಕ್ಕ ಹಾಕಿ ನೋಡಿ.

ಇನ್ನು ಬೆರಳಿಟ್ಟ ಹುಡುಗ. ಅವನ ತಾಯಿ ನನ್ನ ಹತ್ತಿರ ಕಣ್ಣೀರು ಹಾಕಿದರು, ಅದರ ಅಗತ್ಯ ಇರಲಿಲ್ಲ. ಯಾಕೆ ಮುಟ್ಟಿದೆ ಅಂತ ಕೇಳಿದರೆ ಅವನು ಹೇಳಿದ್ದು ಇದು: "ಗೆರೆ ಇರುವ ಕಡೆ ಮಾತ್ರ ಬಟ್ಟೆ ತೂತಾಗಿತ್ತು ಮಿಸ್. ನಿಜವಾಗಲೂ ತೂತಾ ಅಂತ ನೋಡಿದೆ." ಅವನು ಕಂಡುಹಿಡಿದದ್ದು ಸರಿ. ಕಪ್ಪಿಗೆ ಹಾಕಿದ ಕಬ್ಬಿಣವೇ ವರ್ಷಗಳು ಹೋದಂತೆ ನೂಲನ್ನು ತಿನ್ನುತ್ತದೆ. ಹೂ ಗಟ್ಟಿಯಾಗಿರುತ್ತದೆ, ಸುತ್ತಲಿನ ಗೆರೆ ಉದುರಿಹೋಗಿರುತ್ತದೆ. ಅಂಥ ಕಡೆಗೇ ಬೆರಳು ತಾಗಿದರೆ ಏನಾಗಬಹುದಿತ್ತು ಅಂತ ನೆನೆದರೆ ಎದೆ ಝಲ್ ಅನ್ನುತ್ತದೆ. ಆದರೂ ಹೇಳುತ್ತೇನೆ, ಮೂವತ್ತು ಮಕ್ಕಳಲ್ಲಿ ಬಟ್ಟೆಯನ್ನು ಸರಿಯಾಗಿ ನೋಡಿದವನು ಅವನೇ. ನನ್ನ ಕೈಯೂ ಒಂದು ಸಲ ತಾನಾಗಿ ಮುಂದೆ ಹೋಗಿತ್ತು. ಬಟ್ಟೆ ಕಂಡರೆ ಹಾಗೇ ಅಲ್ವಾ, ಎರಡು ಬೆರಳಲ್ಲಿ ಹಿಡಿದು ನೋಡದೆ ಯಾರಿಗೆ ಸಮಾಧಾನ?

"ಅದೂ ಬಟ್ಟೆ ತಾನೇ, ಒಗೆದು ಒಗೆದು ಉಟ್ಟದ್ದು, ಇಷ್ಟೊಂದು ಮಡಿ ಯಾಕೆ?" ಅಂತ ಒಬ್ಬರು ಬರೆದಿದ್ದೀರಿ. ಒಳ್ಳೆಯ ಪ್ರಶ್ನೆ. ಒಗೆದರೂ ಹೋಗದ ಬಣ್ಣ ಅನ್ನುವುದೇ ಈ ಬಟ್ಟೆಗಳ ಹೆಸರು ಪ್ರಪಂಚಕ್ಕೆ ಹಬ್ಬಲು ಕಾರಣ. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಅನ್ನುತ್ತಿದ್ದರಲ್ಲ, ಆ ಜಾತಿಯ ಬಟ್ಟೆಗಾಗಿ ಯುರೋಪಿನವರು ಮುಗಿಬಿದ್ದರು. ತಮ್ಮ ನೇಕಾರರು ಹಾಳಾಗುತ್ತಾರೆ ಅಂತ ಫ್ರಾನ್ಸ್ 1686ರಿಂದ 1759ರವರೆಗೆ ಇದನ್ನು ನಿಷೇಧಿಸಿತು. ಇಂಗ್ಲೆಂಡ್ 1700ರಲ್ಲಿ ಒಂದು, 1721ರಲ್ಲಿ ಇನ್ನೊಂದು ಕಾಯ್ದೆ ತಂದಿತು. ಆದರೂ ಜನ ಉಡುವುದು ಬಿಡಲಿಲ್ಲ. ಆ ನಿಷೇಧದ ನಡುವೆಯೇ, 1742ರಲ್ಲಿ, ಕರ್ದೂ ಎಂಬ ಫ್ರೆಂಚ್ ಪಾದ್ರಿ ಇಲ್ಲಿನ ಕೆಲಸಗಾರರಿಂದ ಬಣ್ಣದ ಕೆಲಸವನ್ನೆಲ್ಲ ಕೇಳಿಕೊಂಡು ತನ್ನ ದೇಶಕ್ಕೆ ಪತ್ರ ಬರೆದ. ಬೇಡ ಅಂದರೆ ಏನಾಗುತ್ತದೆ ಅನ್ನುವುದು ಮುಖ್ಯ ಶಿಕ್ಷಕಿಯಾಗಿ ನನಗೂ ಗೊತ್ತು. ಫೋನಿನ ವಿಷಯದಲ್ಲಿ ನಾನು ಕನಸು ಕಾಣುತ್ತಿಲ್ಲ.

ಗಟ್ಟಿ ಬಣ್ಣ ನಿಜ, ಆದರೆ ಹತ್ತಿ ಹತ್ತಿಯೇ. ತೇವಕ್ಕೆ ಕೊಳೆಯುತ್ತದೆ, ಹುಳ ತಿನ್ನುತ್ತದೆ. ಗುಜರಾತಿನಲ್ಲಿ ಅಚ್ಚು ಹಾಕಿದ ತುಂಬ ಹಳೆಯ ಬಟ್ಟೆಗಳು ಉಳಿದದ್ದು ಗುಜರಾತಿನಲ್ಲಲ್ಲ, ಈಜಿಪ್ಟಿನಲ್ಲಿ. ಹಳೆಯ ಕೈರೋದ ಫುಸ್ತಾತ್ ಎಂಬಲ್ಲಿ ಒಣ ಮಣ್ಣಿನಲ್ಲಿ ಚಿಂದಿಗಳಾಗಿ ಸಿಕ್ಕವು. ಅಂಥ ಸಾವಿರಕ್ಕೂ ಹೆಚ್ಚು ಚೂರುಗಳು ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿವೆ. ಅವುಗಳಲ್ಲಿ ಕೆಲವಕ್ಕೆ ಸುಮಾರು ಸಾವಿರ ವರ್ಷ. ಯಾರೋ ಉಟ್ಟು, ಹರಿದು, ತೇಪೆ ಹಾಕಿ ಬಿಸಾಡಿದ ಚಿಂದಿ!

ನಮಗೆ ಹತ್ತಿರದ ಒಂದು ಕಥೆ ಮಕ್ಕಳಿಗೆ ಹೇಳಿದ್ದೇನೆ, ಮನೆಯಲ್ಲಿ ಕೇಳಿ ನೋಡಿ. ಟಿಪ್ಪು ಸುಲ್ತಾನರ ಒಂದು ಡೇರೆ ಈಗ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಒಳಗೆಲ್ಲ ಹೂದಾನಿ, ಹೂ ಬಳ್ಳಿಗಳ ಹತ್ತಿ ಬಟ್ಟೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಈಸ್ಟ್ ಇಂಡಿಯಾ ಕಂಪನಿಯ ರಾಬರ್ಟ್ ಕ್ಲೈವ್‌ನ ಮನೆತನದ ಕೈಗೆ ಹೋಯಿತು. ಅವರು ಅದನ್ನು ತೋಟದ ಸಂತೋಷಕೂಟಗಳಿಗೆ ಶಾಮಿಯಾನದ ಹಾಗೆ ಹಾಕುತ್ತಿದ್ದರಂತೆ. "ಬಟ್ಟೆ ತಾನೇ" ಅಂತ ಅವರಿಗೂ ಅನ್ನಿಸಿರಬೇಕು.

ಮತ್ತೆ ಫೋನಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಮಗು ದಿನವಿಡೀ ಹೊರಗಿರುತ್ತದೆ, ಬಸ್ಸು ತಡವಾದರೆ, ಹುಷಾರು ತಪ್ಪಿದರೆ, ಫೋನ್ ಇಲ್ಲದೆ ಹೇಗೆ? ನಮ್ಮ ಜೊತೆ ನಾಲ್ವರು ಶಿಕ್ಷಕರು ಬರುತ್ತಾರೆ. ಅವರಲ್ಲಿ ಇಬ್ಬರ ಫೋನ್ ದಿನವಿಡೀ ನಿಮಗಾಗಿ ತೆರೆದಿರುತ್ತದೆ. ನಂಬರುಗಳನ್ನು ಹಿಂದಿನ ದಿನ ಕಳಿಸುತ್ತೇವೆ. ಹೊರಟಾಗ, ತಲುಪಿದಾಗ, ವಾಪಸ್ ಹೊರಟಾಗ ಗುಂಪಿಗೆ ಸಂದೇಶ ಬರುತ್ತದೆ. ಫೋನಿನಲ್ಲೇ ಸಕ್ಕರೆ ಮಟ್ಟ ನೋಡಿಕೊಳ್ಳಬೇಕಾದ ಮಗು, ಅಥವಾ ಅಂಥ ಬೇರೆ ಆರೋಗ್ಯದ ಕಾರಣ ಇದ್ದರೆ ನನ್ನ ಹತ್ತಿರ ಬಂದು ಮಾತಾಡಿ. ಖಂಡಿತ ದಾರಿ ಹುಡುಕೋಣ. ಮಿಕ್ಕವರಿಗೆ ರಿಯಾಯಿತಿ ಇಲ್ಲ. ಸ್ವಿಚ್ ಆಫ್ ಮಾಡಿ ಇಟ್ಟುಕೊಳ್ಳುತ್ತಾರೆ ಅಂತ ಮೂವರು ಬರೆದಿದ್ದೀರಿ. ಹೋದ ಸಲವೂ ಸ್ವಿಚ್ ಆಫ್ ಮಾಡಿಸಿಯೇ ಒಳಗೆ ಬಿಟ್ಟಿದ್ದೆವು.

ಇದು ಶಿಕ್ಷೆಯಲ್ಲ. ಎರಡು ಸಲ ಹೇಳುತ್ತಿದ್ದೇನೆ, ಯಾಕೆಂದರೆ ಮಕ್ಕಳು ಮನೆಯಲ್ಲಿ ಹಾಗೆಯೇ ಹೇಳಿದ್ದಾರೆ ಅಂತ ಕೇಳಿದೆ. ಇದು ಶಿಕ್ಷೆಯಲ್ಲ. ಇನ್ನೊಂದು ಮಾತೂ ಮುಚ್ಚಿಡುವುದಿಲ್ಲ. ಮ್ಯೂಸಿಯಂನವರು ಕೇಳಿದ್ದು ಟಾರ್ಚ್ ಬೇಡ, ಫೋಟೊ ಬೇಡ ಅಂತ ಮಾತ್ರ. ಫೋನೇ ಬೇಡ ಅನ್ನುವುದು ನನ್ನ ತೀರ್ಮಾನ. ಹೋದ ಸಲ ಮಕ್ಕಳು ತೆಗೆದ ಫೋಟೊಗಳನ್ನು ತರಿಸಿ ನೋಡಿದೆ. ಕತ್ತಲೆ, ಗಾಜಿನ ಹೊಳಪು, ಗೆಳೆಯರ ಮುಖ. ಬಟ್ಟೆ ಒಂದರಲ್ಲೂ ಸರಿಯಾಗಿ ಇರಲಿಲ್ಲ.

ಫೋನಿನ ಬದಲು ಪ್ರತಿ ಮಗುವಿಗೂ ಪೆನ್ಸಿಲ್ ಮತ್ತು ಹಾಳೆ ಕೊಡುತ್ತೇವೆ. ಪೆನ್ ಬೇಡ, ಶಾಯಿ ಸಿಡಿದರೆ ಕಷ್ಟ. ಒಂದೇ ಬಟ್ಟೆ ಆರಿಸಿಕೊಂಡು ಒಂದೇ ಹೂ ಬರೆಯಬೇಕು. ಅಚ್ಚಿನದಾದರೆ ಎರಡು ಅಚ್ಚು ಸೇರುವ ಕಡೆ ಗೆರೆ ಕೊಂಚ ತಪ್ಪಿರುತ್ತದೆ, ಅದನ್ನು ಹುಡುಕಲು ಹೇಳಿದ್ದೇನೆ. ಕಲಮಿನದಾದರೆ ಯಾವ ಎರಡು ಹೂವೂ ಒಂದೇ ಥರ ಇರುವುದಿಲ್ಲ. ಮುಟ್ಟದೆಯೇ ವ್ಯತ್ಯಾಸ ಗೊತ್ತಾಗುತ್ತದೆ. ಬೆರಳಿಟ್ಟ ಹುಡುಗನೂ ಬರುತ್ತಾನೆ, ಅವನನ್ನು ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ. ಅವನ ಬಗ್ಗೆ ಗುಂಪಿನಲ್ಲಿ ಬರೆದ ಒಂದೆರಡು ಮಾತು ನನಗೆ ಇಷ್ಟವಾಗಲಿಲ್ಲ. ಅಷ್ಟು ಹೇಳಿ ಬಿಡುತ್ತೇನೆ.

ಎರಡನೇ ಭೇಟಿಯ ಬಸ್ಸಿಗೆ ನಿಮ್ಮಿಂದ ಏನೂ ಕೇಳುತ್ತಿಲ್ಲ, ಅದನ್ನು ಶಾಲೆ ನೋಡಿಕೊಳ್ಳುತ್ತದೆ.

ಕೆಳಗಿನ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಸೋಮವಾರದೊಳಗೆ ಕಳಿಸಿ, ಮತ್ತು ಆ ಶುಕ್ರವಾರ ಫೋನ್ ಮನೆಯಲ್ಲೇ ಇರಲಿ.

ನಿಮ್ಮ,
ಮುಖ್ಯ ಶಿಕ್ಷಕಿ

ಮರೆತಿದ್ದೆ: ನೀಲಿ ಎಲೆಯ ಪ್ರಶ್ನೆ ಕೇಳಿದ ಹುಡುಗಿಗೆ ಇನ್ನೂ ಉತ್ತರ ಹೇಳಿಲ್ಲ. ಆ ಬಟ್ಟೆಯ ಮುಂದೆ ನಿಲ್ಲಿಸಿಯೇ ಹೇಳಬೇಕು ಅಂತ ಇಟ್ಟುಕೊಂಡಿದ್ದೇನೆ. ಅದನ್ನು ಅಷ್ಟರಲ್ಲಿ ಒಳಗೆ ಇಟ್ಟುಬಿಟ್ಟಿರದಿದ್ದರೆ ಸಾಕು. ಈ ಪತ್ರ ಓದಿದ ಮೇಲೆ ದಯವಿಟ್ಟು ನೀವು ಮೊದಲೇ ಹೇಳಿಬಿಡಬೇಡಿ.