ಹಾಡಿದವರು ಇದ್ದಾಗಲೇ ಹಳೆಯ ಆಲ್ಬಂ ಮತ್ತೆ ಬರಲಿ

ಸಂಪಾದಕರಿಗೆ ನಮಸ್ಕಾರ.

ತಾವೇ ಬರೆದು ತಾವೇ ಹಾಡುವ ಹಿರಿಯ ಗಾಯಕರ ಮೊದಮೊದಲ ಆಲ್ಬಂಗಳನ್ನು ಹೊಸ ಕೇಳುಗರಿಗಾಗಿ ಮತ್ತೆ ಬಿಡುಗಡೆ ಮಾಡುವ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಅದರಲ್ಲಿ ಒಂದು ಮುಖ್ಯ ಮಾತು ಬಿಟ್ಟುಹೋಗಿದೆ ಅನ್ನಿಸಿತು, ಅದಕ್ಕೇ ಈ ಪತ್ರ. ಈ ಕೆಲಸ ಹಾಡಿದವರು ಬದುಕಿರುವಾಗಲೇ ಆಗಬೇಕು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಗಬೇಕು. ಅವರು ಹೋದಮೇಲೂ ಹಾಡುಗಳನ್ನು ಹೊರತರಬಹುದು, ನಿಜ. ಆದರೆ ಇದು ಹೀಗೇ ಕೇಳಿಸಬೇಕಿತ್ತಾ ಅಂತ ಆಮೇಲೆ ಯಾರನ್ನು ಕೇಳುವುದು?

ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರ ಮೊದಲ ಆಲ್ಬಂ 'ಸಾಂಗ್ ಟು ಎ ಸೀಗಲ್' ಬಂದದ್ದು 1968ರಲ್ಲಿ. ನಿರ್ಮಾಪಕರು ಡೇವಿಡ್ ಕ್ರಾಸ್ಬಿ. ದನಿಗೆ ಪಿಯಾನೊ ತಂತಿಗಳು ಮಿಡಿಯುವುದನ್ನೂ ಹಿಡಿಯಬೇಕು ಅಂತ ಅವರು ಜೋನಿಯವರನ್ನು ಪಿಯಾನೊದ ಒಳಕ್ಕೆ ಮುಖಮಾಡಿಸಿ ಹಾಡಿಸಿದರು, ಅದಕ್ಕೆಂದೇ ಹೆಚ್ಚಿನ ಮೈಕುಗಳನ್ನೂ ಇಟ್ಟರು. ಯೋಚನೆ ಚೆನ್ನಾಗಿಯೇ ಇತ್ತು. ಆದರೆ ಟೇಪಿನಲ್ಲಿ 'ಸ್ಸ್' ಅನ್ನುವ ಸದ್ದು ಜಾಸ್ತಿಯಾಯಿತು, ಅದನ್ನು ತೆಗೆಯಲು ಹೋದಾಗ ದನಿಯ ಹೊಳಪೂ ಹೊರಟುಹೋಯಿತು. ಐವತ್ತು ವರ್ಷಕ್ಕೂ ಜಾಸ್ತಿ ಕಾಲ ಜನ ಕೇಳಿದ್ದು ಆ ಮಸುಕಾದ ದನಿಯನ್ನೇ. 2021ರಲ್ಲಿ ಅವರ ಮೊದಲ ನಾಲ್ಕು ಆಲ್ಬಂಗಳು ಒಟ್ಟಾಗಿ ಮತ್ತೆ ಬಂದಾಗ, 77ರ ಹರೆಯದ ಜೋನಿಯವರೇ ಮುಂದೆ ನಿಂತು ಈ ಮೊದಲ ಆಲ್ಬಂ ಅನ್ನು ಹೊಸದಾಗಿ ಮಿಕ್ಸ್ ಮಾಡಿಸಿದರು, ಅಂದರೆ ದನಿ, ವಾದ್ಯಗಳ ಸದ್ದನ್ನು ಮತ್ತೆ ಹದವಾಗಿ ಬೆರೆಸಿಸಿದರು. ಹಳೆಯ ಮಿಕ್ಸ್ ತಮಗೆ ಹಿಡಿಸಿರಲೇ ಇಲ್ಲ ಅಂತ ನೇರವಾಗಿ ಹೇಳಿದರು. ಬೇರೆ ಯಾರೋ ಇದಕ್ಕೆ ಕೈಹಾಕಿದ್ದರೆ ನಾನು ಒಪ್ಪುತ್ತಿರಲಿಲ್ಲ. ಅವರದೇ ಹಾಡು, ಅವರದೇ ತೀರ್ಮಾನ, ಅಲ್ವಾ?

ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್ ಅವರಿಗೆ ಆ ಅವಕಾಶ ಸಿಗಲಿಲ್ಲ. ಮೂರು ಆಲ್ಬಂ ಮಾಡಿ, ಅವು ಹೆಚ್ಚು ಮಾರಾಟವಾಗದೆ, 1974ರಲ್ಲಿ 26ನೇ ವಯಸ್ಸಿಗೇ ತೀರಿಕೊಂಡರು. ಹೆಸರು ಬಂದದ್ದೆಲ್ಲ ಆಮೇಲೆ. 2004ರಲ್ಲಿ ಬಂದ ಒಂದು ಸಂಕಲನದಲ್ಲಿ ಅವರು ಗಿಟಾರ್ ಹಿಡಿದು ಹಾಡಿದ್ದ ಹಳೆಯ ಹಾಡಿಗೆ ತಂತಿವಾದ್ಯಗಳನ್ನು ಹೊಸದಾಗಿ ಸೇರಿಸಿದರು. ಸೇರಿಸಿದವರು ಅವರ ಗೆಳೆಯ, ಮೊದಲ ಆಲ್ಬಂಗಳಿಗೂ ಕೆಲಸ ಮಾಡಿದ್ದ ರಾಬರ್ಟ್ ಕರ್ಬಿ, ಆದ್ದರಿಂದ ಪ್ರೀತಿಯಿಂದಲೇ ಮಾಡಿದ್ದು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಹಾಡು ಕೇಳುವಾಗೆಲ್ಲ ನಿಕ್ ಇದಕ್ಕೆ ಹೂಂ ಅನ್ನುತ್ತಿದ್ದರಾ ಅನ್ನುವ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಇನ್ನೊಂದು ವಿಷಯ. ಮರುಬಿಡುಗಡೆಯಿಂದ ಹಾಡುವವರೇ ಮರಳಿ ಬರಬಹುದು. ಇಂಗ್ಲೆಂಡಿನ ಗಾಯಕಿ ವಾಷ್ಟಿ ಬನ್ಯನ್ ಅವರ ಮೊದಲ ಆಲ್ಬಂ 1970ರಲ್ಲಿ ಬಂದಾಗ ಯಾರೂ ಅಷ್ಟಾಗಿ ಕೇಳಲಿಲ್ಲ. ಅವರು ಸಂಗೀತವನ್ನೇ ಬಿಟ್ಟು ಮಕ್ಕಳು, ಮನೆ ಅಂತ ಬದುಕಿದರು. 2000ದಲ್ಲಿ ಅದೇ ಆಲ್ಬಂ ಮತ್ತೆ ಬಂತು, ಹೊಸ ಹುಡುಗ ಹುಡುಗಿಯರು ಮನಸಾರೆ ಕೇಳಿದರು, 2005ರಲ್ಲಿ ಅವರು ಎರಡನೇ ಆಲ್ಬಂ ಮಾಡಿದರು. ನಡುವೆ 35 ವರ್ಷ! ಇಷ್ಟು ಸಂತೋಷ ಕೊಡುವ ಸುದ್ದಿ ಸಂಗೀತದಲ್ಲಿ ಕಡಿಮೆ.

ತಡಮಾಡಿದರೆ ಟೇಪುಗಳೂ ಕಾಯುವುದಿಲ್ಲ. ಎಪ್ಪತ್ತು, ಎಂಬತ್ತರ ದಶಕದ ಎಷ್ಟೋ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಮೆಷಿನ್ನಿಗೆ ಮೆತ್ತಿಕೊಂಡು, ಪುಡಿ ಕಿತ್ತುಬಂದು, ಹಾಡೇ ಹೋಗುತ್ತದೆ. ಅಂಥ ಟೇಪನ್ನು ಸುಮಾರು 50 ಡಿಗ್ರಿಯ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ತೇವ ಆರಿಸುತ್ತಾರೆ, ಆಮೇಲೆ ಸ್ವಲ್ಪ ದಿನ ಮಾತ್ರ ಅದು ಸರಿಯಾಗಿ ಓಡುತ್ತದೆ. ಅಷ್ಟರಲ್ಲಿ ನಕಲು ಮಾಡಿಕೊಳ್ಳಬೇಕು. ಒಂದೇ ಹಾಡನ್ನು ನಾಲ್ಕೈದು ಸಲ ಹಾಡಿದ್ದು ಸಿಕ್ಕರೆ, ಯಾವುದು ಬೇಕು ಅಂತ ಮೆಚ್ಚಿದ್ದು, ಯಾವುದು ಸುಮ್ನೆ ಉಳಿದದ್ದು ಅಂತ ಹೇಳಬಲ್ಲವರು ಹಾಡಿದವರೇ.

ದಯವಿಟ್ಟು ಸದ್ದು ಏರಿಸಿ ಕೆಡಿಸುವುದೂ ಬೇಡ. ಮೆಲ್ಲಗೆ ಶುರುವಾಗಿ ಕೊನೆಗೆ ಏರುವ ಹಾಡನ್ನು ಮೊದಲಿಂದಲೇ ಒಂದೇ ಮಟ್ಟಕ್ಕೆ ಎಳೆದರೆ ಕೊನೆಯಲ್ಲಿ ಏರಲು ಜಾಗವೇ ಇರುವುದಿಲ್ಲ. ಹೊಸ ಕೇಳುಗರಿಗೆ ಮೆಲುದನಿ ಕೇಳುವ ತಾಳ್ಮೆ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ವಾಷ್ಟಿಯವರ ಪಿಸುಮಾತಿನಂಥ ದನಿಯನ್ನು ಮೂವತ್ತು ವರ್ಷದ ಮೇಲೆ ಎತ್ತಿಕೊಂಡವರು ಆ ಹೊಸ ಕೇಳುಗರೇ ತಾನೇ?

ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಆಲ್ಬಂಗಳ ವಿಮರ್ಶೆ ಬರೆಸುವಾಗ ಹಾಡುಗಳ ಹೊಗಳಿಕೆಯ ಜೊತೆ ಇಷ್ಟನ್ನೂ ಬರೆಸಿ: ಮೂಲ ಟೇಪಿನಿಂದ ಮಾಡಿದ್ದಾ ಅಥವಾ ನಕಲಿನಿಂದಲಾ, ನುಡಿಸಿದವರ ಹೆಸರು ಮತ್ತು ಸಾಹಿತ್ಯ ಜೊತೆಗೆ ಕೊಟ್ಟಿದ್ದಾರಾ, ಹಳೆಯ ಮಿಕ್ಸ್ ಕೂಡ ಕೇಳಲು ಸಿಗುತ್ತದಾ, ಹಾಡಿದವರ ಒಪ್ಪಿಗೆ ಇದೆಯಾ, ಮಾರಾಟದ ಹಣದಲ್ಲಿ ಅವರಿಗೆ ಪಾಲು ಇದೆಯಾ. ನೀವು ಪ್ರತಿ ಸಲ ಕೇಳಿದರೆ ಕಂಪನಿಗಳು ಉತ್ತರ ಸಿದ್ಧಮಾಡಿಟ್ಟುಕೊಂಡೇ ಆಲ್ಬಂ ಹೊರತರುತ್ತವೆ.

ಇಂತಿ,
ನಿಮ್ಮ ಓದುಗ