ಖಾಲಿ ಠಾಣೆಯ ಬಂದೂಕುಗಳು: ಈಶಾನ್ಯ ವಲಯದ ಐಜಿಪಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಪೊಲೀಸ್ ಮಹಾನಿರೀಕ್ಷಕರೆ,

ಗಣೇಶ ವಿಸರ್ಜನೆ, ಉರುಸು, ಜಾತ್ರೆ, ಚುನಾವಣೆ, ಯಾವುದೇ ಬಂದೋಬಸ್ತಿನ ಆದೇಶ ತೆಗೆದು ನೋಡಿ. ಯಾವ ಸರ್ಕಲ್ಲಿಗೆ ಎಷ್ಟು ಜನ, ಯಾರ ಕೈಕೆಳಗೆ ಯಾರು, ಎಲ್ಲ ಬರೆದಿರುತ್ತದೆ. ಠಾಣೆಯಲ್ಲಿ ಯಾರು ಉಳಿಯಬೇಕು ಎಂಬ ಸಾಲು ಮಾತ್ರ ಸಿಗುವುದು ಅಪರೂಪ. ಮೆರವಣಿಗೆಯ ಹಿಂದೆ ಎಲ್ಲರೂ ಹೊರಟ ಮೇಲೆ ಒಬ್ಬ ಪಾರಾ (ಕಾವಲಿನವ), ಠಾಣೆಯ ಬರವಣಿಗೆ ನೋಡುವ ಒಬ್ಬ ರೈಟರ್, ವೈರ್‌ಲೆಸ್ ಮುಂದೆ ಒಬ್ಬರು. ಬಂದೂಕುಗಳಿರುವುದೂ ಅಲ್ಲೇ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಗುಂಪು ನುಗ್ಗಿದ್ದು ಠಾಣೆಯ ಮೇಲೇ. 2023ರಲ್ಲಿ ಮಣಿಪುರದ ಶಸ್ತ್ರಾಗಾರಗಳಿಂದ ಲೂಟಿಯಾದವು ಸಾವಿರಾರು ಬಂದೂಕು.

ನಮ್ಮ ಭಾಗದ ತೊಡಕು ದೂರದ್ದು. ಕೆ.ಎಸ್.ಆರ್.ಪಿ. (ಕರ್ನಾಟಕ ರಾಜ್ಯ ಮೀಸಲು ಪೊಲೀಸ್) 6ನೇ ಪಡೆ ಇರುವುದು ಕಲಬುರಗಿಯಲ್ಲಿ. ಬೀದರಿನ ಚೌಬಾರಾದಲ್ಲಿ ಕಲ್ಲು ಬಿದ್ದರೆ ಅಲ್ಲಿಂದ ವ್ಯಾನು ತಲುಪಲು ಎರಡು ತಾಸಿಗಿಂತ ಕಡಿಮೆಯಾಗದು. ಯಾದಗಿರಿ ಜಿಲ್ಲೆಯ ಹುಣಸಗಿಗೂ ಬೇಗ ಆಗುವುದಿಲ್ಲ. ಆ ಹೊತ್ತನ್ನು ಸ್ಥಳೀಯ ಠಾಣೆ ಮತ್ತು ಡಿ.ಎ.ಆರ್. (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಸಿಬ್ಬಂದಿಯೇ ತಳ್ಳಬೇಕು.

ಮೊದಲು ಮಾಡಬೇಕಾದ್ದಕ್ಕೆ ಕಾಸೂ ಬೇಡ. ರೈಫಲ್‌ನ ಬೋಲ್ಟ್ (ತೋಟಾವನ್ನು ನಳಿಗೆಯೊಳಗೆ ತಳ್ಳಿ ಮುಚ್ಚುವ ಭಾಗ) ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ, ಗುಂಡುಗಳನ್ನು ಮೂರನೆಯ ಜಾಗದಲ್ಲಿ ಇಡಬೇಕು. ಬೋಲ್ಟಿಲ್ಲದ 303 ರೈಫಲ್ ಹಿಡಿದು ಓಡಿದವನ ಕೈಯಲ್ಲಿರುವುದು ಬರೀ ದೊಣ್ಣೆ. ಎಸ್‌ಎಲ್‌ಆರ್, ಇನ್ಸಾಸ್ ರೈಫಲ್‌ಗಳಿಗೂ ಇದೇ ಕ್ರಮ. ಆದರೆ ಒಂದು ಎಚ್ಚರ: 303ರ ಬೋಲ್ಟ್ ಹಿಡಿಯ ಹಿಂಬದಿಗೆ ನಂಬರು ಕೊರೆದಿರುತ್ತದೆ, ಅದು ಆಯಾ ರೈಫಲ್‌ನ ನಂಬರಿಗೆ ತಾಳೆಯಾಗಲೇಬೇಕು. ಅವಸರದಲ್ಲಿ ಅದಲುಬದಲಾದರೆ ಬೋಲ್ಟ್ ಮುಖಕ್ಕೂ ಗುಂಡಿಗೂ ನಡುವಿನ ಅಂತರ ಕೆಟ್ಟು ತೋಟಾ ಒಳಗೇ ಸೀಳಬಹುದು. ಪಿಸ್ತೂಲಿಗೆ ಈ ಉಪಾಯ ನಡೆಯದು. ಗೋಡೆಗೆ ಭದ್ರವಾಗಿ ಕೂರಿಸಿದ ಕಬ್ಬಿಣದ ಪೆಟ್ಟಿಗೆಯೇ ಬೇಕು. ಎರಡು ಬೀಗ, ಎರಡು ಕೀಲಿ, ಇಬ್ಬರ ಬಳಿ. ಎರಡೂ ಕೀಲಿ ರೈಟರ್ ಮೇಜಿನ ಒಂದೇ ಡ್ರಾಯರಿನಲ್ಲಿದ್ದರೆ ಎರಡು ಬೀಗ ಹಾಕಿಸಿದ ಖರ್ಚು ದಂಡ.

ಬಂದೂಕು ರಿಜಿಸ್ಟರಿನಲ್ಲಿ ಇರಬೇಕಾದ್ದು: ಬಟ್ ನಂಬರು (ಬಂದೂಕಿನ ಹಿಡಿಯ ಮೇಲಿನ ನಂಬರು), ಪಡೆದವರ ಸಹಿ, ಕೊಟ್ಟ ಗುಂಡು, ಮರಳಿದ ಗುಂಡು, ಖಾಲಿ ತೋಟಾ. ಹಿಂದಿನ ದಿನದ ಸಾಲನ್ನೇ ನಕಲು ಮಾಡಿ ಸಹಿ ಹಾಕುವ ಚಾಳಿ ಇದ್ದಲ್ಲಿ ಕಳೆದ ಬಂದೂಕು ಗೊತ್ತಾಗುವುದು ವಾರ್ಷಿಕ ತಪಾಸಣೆಯಲ್ಲೇ. ಪಾಳಿ ಬದಲಾಗುವಾಗ ಬಂದೂಕು ಮುಟ್ಟಿ ಎಣಿಸಬೇಕು, ಕಣ್ಣಿನಿಂದಲ್ಲ.

ಜಪ್ತಿ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆ ಇನ್ನೂ ದುರ್ಬಲ. ಜಪ್ತಿಯಾದ ಕಂಟ್ರಿ ಪಿಸ್ತೂಲು ಹಳೇ ಬೈಕಿನ ಬಿಡಿಭಾಗ, ಸಾರಾಯಿ ಕ್ಯಾನಿನ ಪಕ್ಕದಲ್ಲೇ ಬಿದ್ದಿರುತ್ತದೆ. ಚುನಾವಣೆ ನೀತಿ ಸಂಹಿತೆ ಬಂದಾಗ ಲೈಸೆನ್ಸಿನ ಬಂದೂಕುಗಳೂ ಠಾಣೆಗೆ ಬಂದು ಸೇರುತ್ತವೆ. ಗಲಾಟೆಯ ಬಿಸಿ ಹೆಚ್ಚಿರುವ ಕಾಲದಲ್ಲೇ ದಾಸ್ತಾನೂ ಹೆಚ್ಚು! ಮಾರುಕಟ್ಟೆ ನಡುವಿನ ಠಾಣೆಗಳ ಈ ಭಾರವನ್ನು ಡಿ.ಎ.ಆರ್. ಕೋತ್‌ಗೆ (ಶಸ್ತ್ರಾಗಾರಕ್ಕೆ) ಸಾಗಿಸುವ ಲಿಖಿತ ವ್ಯವಸ್ಥೆ ಮಾಡಿ.

ಬೀದಿಯಲ್ಲಿ ಬಂದೂಕು ಹಿಡಿದವರಿಗೆ ಲಾಠಿ ಕೆಲಸ ಕೊಡಬಾರದು. ಹೆಗಲಲ್ಲಿ ರೈಫಲ್, ಕೈಯಲ್ಲಿ ಲಾಠಿ ಹಿಡಿದು ಗುಂಪಿನೊಳಗೆ ಹೋದವರ ಸ್ಲಿಂಗ್ (ಬಂದೂಕಿನ ಹೆಗಲಪಟ್ಟಿ) ಹಿಂದಿನಿಂದ ಎಳೆಯುವುದು ಸುಲಭ. ಸಶಸ್ತ್ರ ತುಕಡಿ ಢಾಲುಗಳ ಹಿಂದೆ, ಕಲ್ಲು ಬೀಳದಷ್ಟು ದೂರದಲ್ಲಿ, ಒಬ್ಬ ಅಧಿಕಾರಿಯ ಕೈಕೆಳಗೆ ಒಟ್ಟಿಗೆ ನಿಲ್ಲಲಿ. ರೈಫಲ್‌ನ 7.62 ಮಿ.ಮೀ. ಗುಂಡು ಒಂದು ದೇಹ ದಾಟಿ ಹಿಂದಿದ್ದವರಿಗೂ ತಗಲಬಹುದು ಎಂಬುದು ಹಳೇ ಊರಿನ ಗಲ್ಲಿಗಳಲ್ಲಿ ನೆನಪಿರಬೇಕು.

ಅಶ್ರುವಾಯು ಷೆಲ್‌ಗಳಿಗೂ ಅವಧಿ ಇದೆ. ತಗಡಿನ ಚಾವಣಿಯ ಉಗ್ರಾಣದಲ್ಲಿ ಕಲಬುರಗಿಯ ಮೇ ತಿಂಗಳು ಕಳೆದ ಷೆಲ್ ಹೊತ್ತಿಗೆ ಸರಿಯಾಗಿ ಕೈಕೊಡಬಹುದು. ತಂಪಾದ ಕೋಣೆ ಬೇಕು, ಹಳೆಯದನ್ನು ಮಾಬ್ ಡ್ರಿಲ್‌ನಲ್ಲಿ (ಗುಂಪು ಚದುರಿಸುವ ಕವಾಯತಿನಲ್ಲಿ) ಮೊದಲು ಖರ್ಚು ಮಾಡಬೇಕು. ಹಾರಿಸುವುದು ಸುಮಾರು 45 ಡಿಗ್ರಿ ಮೇಲಕ್ಕೆ, ಗಾಳಿ ನೋಡಿಕೊಂಡು. ನೇರ ಹಿಡಿದರೆ ಅದು ತಲೆ ಒಡೆಯುವ ಲೋಹದ ತುಂಡು. ಗ್ಯಾಸ್ ಮಾಸ್ಕಿನ ಗಾಳಿ ಶೋಧಕ ಡಬ್ಬಿಗಳ ತಾರೀಕೂ ನೋಡಿಸಿ, ಗೀರು ಬಿದ್ದು ಎದುರಿಗಿದ್ದವರೇ ಕಾಣದ ಹೆಲ್ಮೆಟ್ ಗಾಜುಗಳನ್ನೂ ಬದಲಿಸಿ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮಿನಡಿ ಗುಂಪಿಗೆ ಚದುರಲು ಆದೇಶಿಸುವಾಗ ಕನ್ನಡದ ಜೊತೆ ಉರ್ದುವಿನಲ್ಲೂ, ಬೀದರಿನ ಗಡಿಯಲ್ಲಿ ಮರಾಠಿಯಲ್ಲೂ ಕೂಗಿಸಿ, ವಿಡಿಯೊ ಮಾಡಿಸಿ. ಮೆಗಾಫೋನಿನ ಬ್ಯಾಟರಿ ಹಿಂದಿನ ರಾತ್ರಿಯೇ ಚಾರ್ಜ್ ಆಗಿರಲಿ.

ಮುಂದಿನ ಬಂದೋಬಸ್ತ್ ಆದೇಶದಲ್ಲಿ ಪ್ರತಿ ಠಾಣೆಗೂ ಉಳಿಯುವ ಕನಿಷ್ಠ ಸಿಬ್ಬಂದಿಯ ಹೆಸರು, ಎರಡು ಕೀಲಿ ಯಾರ ಬಳಿ, ಬೋಲ್ಟ್ ಪೆಟ್ಟಿಗೆ ಯಾರ ವಶದಲ್ಲಿ ಎಂಬ ಮೂರು ಕಾಲಂ ಸೇರಿಸಿ. ಆ ಹಾಳೆಯಿಲ್ಲದೆ ಬಂದ ಪ್ರಸ್ತಾವಕ್ಕೆ ಸಹಿ ಹಾಕಬೇಡಿ.

ಇಂತಿ,
ನಿವೃತ್ತ ಸಶಸ್ತ್ರ ಮೀಸಲು ಸಿಬ್ಬಂದಿ,
ಕಲಬುರಗಿ, ಬೀದರ್, ಯಾದಗಿರಿ