ಪಾತ್ರೆ ತಿಕ್ಕುವ ಮಗಳಿಗೆ

ಪುಟ್ಟಿ,

ಬಸ್ ಸ್ಟ್ಯಾಂಡಿಗೆ ಬರಬೇಡ ಅಂತ ನೀನಂದೆ, ನಾನು ಬರಲಿಲ್ಲ. ಮನೆ ಮುಟ್ಟಿದ ಮೇಲೆ 'ಬಂದ್ವಿ' ಅಂತ ಒಂದೇ ಮಾತಿನ ಮೆಸೇಜ್ ಹಾಕಿದ್ದೀಯ. ಫೋನ್ ಮಾಡಿದರೆ ಮತ್ತೆ ಜಗಳಕ್ಕೇ ಹೋಗುತ್ತೆ, ಅದಕ್ಕೆ ಬರೆಯುತ್ತಿದ್ದೇನೆ. ಹಬ್ಬದ ದಿನ ಯಾರು ಏನಂದರು ಅನ್ನುವುದನ್ನು ಮತ್ತೆ ಎತ್ತುವುದಿಲ್ಲ. ಪಾಪುಗೆ ಗುಮ್ಮ ಬರ್ತಾನೆ ಅಂತ ನಾನು ಹೆದರಿಸಬಾರದಿತ್ತು. ಅಂಗನವಾಡಿಯಲ್ಲಿ ಬೇರೆಯವರ ಮಕ್ಕಳಿಗೆ ಆ ಮಾತು ಆಡಿದವಳಲ್ಲ. ಸರಿ, ಅದು ಅಲ್ಲಿಗೆ ಮುಗಿಯಿತು.

ಆದರೆ ಅವನು ಒಬ್ಬಟ್ಟಿನ ತಟ್ಟೆ ಎಸೆದದ್ದು ಕೋಪಕ್ಕೆ ಅಂತ ನೀನು ತೀರ್ಮಾನ ಮಾಡಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನೀನು ಬ್ಯಾಗಿನಿಂದ ಮುಖದ ಕಾರ್ಡು ತೆಗೆದೆ. ಖುಷಿ, ದುಃಖ, ಕೋಪ, ಭಯ. 'ನಿಂಗೆ ಕೋಪ ಬಂದಿದೆ ಅಲ್ವಾ ಕಂದ' ಅಂದೆ. ಅವನು ಇನ್ನೂ ಜೋರಾಗಿ ಕಿರುಚಿದ. ಊಟ ಆಗುವಾಗಲೇ ಮೂರು ಗಂಟೆ. ಮಧ್ಯಾಹ್ನದ ನಿದ್ದೆ ಇಲ್ಲ. ಅದರ ಮೇಲೆ ಬಂದವರೆಲ್ಲ ರೈಮ್ ಹೇಳು ಅಂತ ನಿಲ್ಲಿಸಿದರು. ಮಧ್ಯದಲ್ಲಿ ಮರೆತ, ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕರು, ಆದರೆ ನಾಲ್ಕು ವರ್ಷದ ಮಗುವಿಗೆ ಅದು ಹೇಗೆ ಗೊತ್ತಾಗಬೇಕು? ಅವನಿಗೆ ಆಗಿದ್ದು ಅವಮಾನ. ನಿನ್ನ ಕಾರ್ಡಿನಲ್ಲಿ ಆ ಮುಖವೇ ಇರಲಿಲ್ಲ.

ನೀನು ಓದಿದವಳು, ನಾನು ನೋಡಿದವಳು, ಅಷ್ಟೇ ವ್ಯತ್ಯಾಸ. ಪ್ರತಿ ಜೂನ್‌ನಲ್ಲೂ ಮೂರು ವರ್ಷದ ಮಕ್ಕಳು ತಾಯಿಯ ಸೀರೆ ಹಿಡಿದು ರಚ್ಚೆ ಮಾಡುವುದನ್ನು ನೋಡಿದ್ದೇನೆ. ಕಣ್ತಪ್ಪಿಸಿ ಓಡಿಹೋಗುವ ತಾಯಂದಿರ ಮಕ್ಕಳು ಮರುದಿನ ಇನ್ನೂ ಗಟ್ಟಿಯಾಗಿ ಸೀರೆ ಹಿಡಿಯುತ್ತವೆ. 'ಹೋಗ್ತೀನಿ, ಊಟ ಆದ ಮೇಲೆ ಬರ್ತೀನಿ' ಅಂತ ಹೇಳಿ, ಹೇಳಿದ ಹೊತ್ತಿಗೆ ಬರುವವರ ಮಕ್ಕಳು ಬೇಗ ಹೊಂದಿಕೊಳ್ಳುತ್ತವೆ. ಇಡೀ ದಿನ ಚೆನ್ನಾಗಿ ಆಡಿದ ಮಗು ತಾಯಿಯ ಮುಖ ಕಂಡ ಕೂಡಲೇ ಅಳುವುದೂ ಉಂಟು. 'ಏನು ಮೇಡಂ, ಹೊಡೆದ್ರಾ' ಅಂತ ನನ್ನನ್ನೇ ಕೇಳುತ್ತಾರೆ! ತಡೆದಿಟ್ಟುಕೊಂಡಿದ್ದನ್ನು ಮಗು ತನ್ನವರ ಮುಂದೆ ಬಿಡುತ್ತದೆ. ಪಾಪು ಸ್ಕೂಲಿನಲ್ಲಿ ಗುಡ್ ಬಾಯ್, ಮನೆಗೆ ಬಂದರೆ ರಾಕ್ಷಸ ಅಂತ ನೀನು ಕೊರಗುತ್ತೀಯಲ್ಲ, ಅದೂ ಇದೇ.

ಇನ್ನೊಂದು ಹೇಳಿಬಿಡುತ್ತೇನೆ. ರಚ್ಚೆಯ ನಡುವೆ ಬುದ್ಧಿ ಹೇಳಬೇಡ, ಪ್ರಶ್ನೆಯನ್ನೂ ಕೇಳಬೇಡ. ಸಿಟ್ಟಿಗೆ ಲಗಾಮು ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯೋದಕ್ಕೆ ಇಪ್ಪತ್ತೈದರ ಹತ್ತಿರ ವಯಸ್ಸಾಗಬೇಕಂತೆ. ಅವನಿಗೆ ನಾಲ್ಕು. ಆಗ ಅವನಿಗೆ ಬೇಕಾಗಿದ್ದು ಒಂದು ಲೋಟ ನೀರು, ಗಲಾಟೆ ಇಲ್ಲದ ಒಂದು ಕೋಣೆ, ಪಕ್ಕದಲ್ಲಿ ಸುಮ್ನೆ ಕೂತ ಒಬ್ಬರು. ನಾನು ಕಾಗದದ ಗಿರಿಗಿಟ್ಲೆ ಮಾಡಿ ಊದಿಸುತ್ತಿದ್ದೆ. ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಮಗುವಿಗೆ ಅದೆಲ್ಲ ಬೇಡ, ಗಿರಿಗಿಟ್ಲೆ ತಿರುಗಿದರೆ ಸಾಕು. ಆಮೇಲೆ, ಎಲ್ಲ ಇಳಿದ ಮೇಲೆ, ಕೇಳು. ಹೊಡೆಯೋದು, ಎಸೆಯೋದು ಮಾತ್ರ ಬೇಡ ಅಂತ ಗಟ್ಟಿಯಾಗಿ ಹೇಳು. ಕೋಪ ಬರಬಹುದು, ತಟ್ಟೆ ಹಾರಬಾರದು.

ನೋಡು, ಪಾಠ ಮಾಡಲ್ಲ ಅಂದುಕೊಂಡೇ ಕೂತಿದ್ದೆ.

ನಾನು ಬರೆಯಬೇಕಾಗಿದ್ದು ಪಾಪು ವಿಷಯವೇ ಅಲ್ಲ. ನೀನು ಕಳಿಸಿದ್ದೆಯಲ್ಲ, 2007ರಲ್ಲಿ ಅಮೆರಿಕದ ಮ್ಯಾಥ್ಯೂ ಲೀಬರ್ಮನ್ ಮತ್ತು ಜೊತೆಯವರು ಮಾಡಿದ ಪ್ರಯೋಗ, ಅದನ್ನು ಎರಡು ಸಲ ಓದಿದೆ. ಸಿಟ್ಟಿನ ಮುಖ, ಹೆದರಿದ ಮುಖಗಳ ಚಿತ್ರ ತೋರಿಸಿದರು. ಆ ಮುಖದಲ್ಲಿರುವ ಭಾವನೆಗೆ ಒಂದು ಹೆಸರು ಆರಿಸಿದಾಗ ಮಿದುಳಿನಲ್ಲಿ ಅಪಾಯ ಕಂಡರೆ ಎಚ್ಚೆತ್ತುಕೊಳ್ಳುವ ಅಮಿಗ್ಡಲಾ ಅನ್ನುವ ಭಾಗದ ಚುರುಕು ಇಳಿಯಿತು. ಅದಕ್ಕೇ ನೀನು ಪಾಪುಗೆ ಹೆಸರು ಹೇಳಿಸುವುದು, ಗೊತ್ತಾಯಿತು. ಆದರೆ ಆ ಪ್ರಯೋಗಕ್ಕೆ ಕೂತವರು ಮಕ್ಕಳಲ್ಲ ಪುಟ್ಟಿ, ದೊಡ್ಡವರು. ನೀನು ಅದನ್ನು ಯಾರಿಗೋಸ್ಕರ ಓದಿದೆ?

ಜಗಳ ಆದ ಮೇಲೆ ನೀನು ಹಿತ್ತಲಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತಿಕ್ಕಿದೆ. ಕೆಲಸದವಳು ಬೆಳಗ್ಗೆಯೇ ತೊಳೆದಿಟ್ಟ ಪಾತ್ರೆಗಳು. ನೀನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಸ್ಕೂಲಿನಿಂದ ಬಂದವಳು ಬ್ಯಾಗ್ ಇಟ್ಟು, ಯೂನಿಫಾರ್ಮ್ ಕೂಡ ಬದಲಿಸದೆ, ಕಪಾಟಿನಲ್ಲಿದ್ದ ಪಾತ್ರೆಗಳನ್ನೆಲ್ಲ ಇಳಿಸಿ ಸಬೀನಾ ಹಾಕಿ ತಿಕ್ಕಿದ್ದೆ. ದೊಡ್ಡ ಕೊಳದಪ್ಪಲೆ ಕೂಡ. ಏನಾಯಿತೇ ಅಂದರೆ 'ಏನಿಲ್ಲಮ್ಮ'. ಪಕ್ಕದ ಮನೆಯವರು ಎಷ್ಟು ಕೆಲಸದ ಹುಡುಗಿ ಅಂದರು. ನಾನೂ ಬೀಗಿದೆ. ರಾತ್ರಿ ನಿನ್ನ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕಾಗಿತ್ತು. ನಾನು ಕೊಬ್ಬರಿ ಎಣ್ಣೆ ಹಚ್ಚಿದೆ, ನೀನು ಕೈ ಕೊಟ್ಟೆ, ಮಾತಾಡಲಿಲ್ಲ. ಅವತ್ತು ಸ್ಕೂಲಿನಲ್ಲಿ ಏನಾಗಿತ್ತು? ಯಾರಾದರೂ ಏನಾದರೂ ಅಂದಿದ್ದರಾ? ಟೀಚರಾ, ಗೆಳತಿಯರಾ, ದಾರಿಯಲ್ಲಿ ಯಾರಾದರೂ? ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೂ ಎಷ್ಟೋ ಸಲ ತಿಕ್ಕಿದ್ದೀಯ, ಅಪ್ಪ ಹೋದಾಗಲೂ. ಅದರ ಕಾರಣ ನನಗೆ ಗೊತ್ತಿತ್ತು. ಆ ಸಂಜೆಯದ್ದು ಮಾತ್ರ ಗೊತ್ತಿಲ್ಲ. ರಾತ್ರಿ ಎಚ್ಚರಾದರೆ ಅದೇ ಕೊಳದಪ್ಪಲೆ ಕಣ್ಣ ಮುಂದೆ ಬರುತ್ತದೆ. ಹೇಳಲೇಬೇಕು ಅಂತಿಲ್ಲ. ಹೇಳಬಹುದು ಅಂತ ನಿನಗೆ ಅನ್ನಿಸುವ ಹಾಗೆ ಈ ಮನೆ ಇರಲಿಲ್ಲವೇನೋ. ನಾನೂ ಅಮ್ಮನ ಮನೆಯಲ್ಲಿ ಒಲೆಯ ಹೊಗೆಯ ನೆಪದಲ್ಲೇ ಅತ್ತವಳು.

ಈಗ ನಿನ್ನ ಮನೆಯಲ್ಲಿ ಪಾಪು ನೋಡುತ್ತಿದ್ದಾನೆ. ಅವನ ಕೋಪಕ್ಕೆ ಕಾರ್ಡಿದೆ, ಅಮ್ಮನ ಕೋಪಕ್ಕೆ ನಲ್ಲಿ ಇದೆ. ಅವನು ಎರಡನ್ನೂ ಕಲಿಯುತ್ತಾನೆ. 'ಇವತ್ತು ಆಫೀಸಿನಲ್ಲಿ ಬೇಜಾರಾಯ್ತು, ಸ್ವಲ್ಪ ಹೊತ್ತು ಸುಮ್ನೆ ಕೂರ್ತೀನಿ, ನಿನ್ನ ಮೇಲೆ ಕೋಪ ಇಲ್ಲ' ಅಂತ ಅವನಿಗೆ ಹೇಳಿ ನೋಡು. ಅಷ್ಟು ಸಾಕು, ದೊಡ್ಡವರ ಕಷ್ಟವನ್ನೆಲ್ಲ ಅವನ ತಲೆಗೆ ಕಟ್ಟಬೇಡ.

ರಾತ್ರಿ ಎರಡಕ್ಕೂ ನೀನು ವಾಟ್ಸಾಪಿನಲ್ಲಿ ಆನ್‌ಲೈನ್ ಇರುತ್ತೀಯ ಅಂತ ನಿನ್ನ ಗಂಡ ಹೇಳಿದ. ಅವನಿಗೆ ಬೈಯಬೇಡ, ನಾನೇ ಕೇಳಿದ್ದು. ನಿದ್ದೆ ಬಾರದಿದ್ದರೆ, ನನ್ನ ಹತ್ತಿರ ಹೇಳೋಕೆ ಆಗದಿದ್ದರೆ, 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಇರುವ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ನಮ್ಮ ತಾಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುತ್ತಾರೆ. ಹೆರಿಗೆ ಆದ ಮೇಲೆ ಮಂಕಾದ ಇಬ್ಬರು ತಾಯಂದಿರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಊರವರು ಏನೇನೋ ಅಂದರು, ಅನ್ನಲಿ. ಅವರಿಬ್ಬರೂ ಈಗ ಮಕ್ಕಳನ್ನು ಬಿಡೋಕೆ ಬಂದಾಗ ನಕ್ಕೊಂಡು ಮಾತಾಡುತ್ತಾರೆ.

ಒಂದು ಮಾತು ನಿನಗೆ ಹೇಳಿರಲಿಲ್ಲ. ಹಬ್ಬದ ಹಿಂದಿನ ರಾತ್ರಿ ಕರೆಂಟ್ ಹೋದಾಗ ಪಾಪು ನನ್ನ ಹಾಸಿಗೆಗೆ ಬಂದು 'ಅಜ್ಜಿ, ನಂಗೆ ಭಯ ಆಗ್ತಿದೆ, ಕೈ ಹಿಡ್ಕೋ' ಅಂದ. ನಮ್ಮ ಮನೆಯಲ್ಲಿ ಗಂಡು ಹುಡುಗ ಹಾಗೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಿನ್ನ ಅಣ್ಣ ಹೇಳಲಿಲ್ಲ, ನಿಮ್ಮಪ್ಪನಂತೂ ಇಲ್ಲವೇ ಇಲ್ಲ. ಅದನ್ನು ಕಲಿಸಿದವಳು ನೀನು. ಕಾರ್ಡಿನ ಬಗ್ಗೆ ನಾನು ನಕ್ಕಿದ್ದನ್ನು ಮರೆತುಬಿಡು.

ಮುಂದಿನ ಶನಿವಾರ ಬೆಳಗಿನ ರೈಲಿಗೆ ಬರುತ್ತೇನೆ. ಬೇಡ ಅನ್ನಿಸಿದರೆ ಬೇಡ ಅಂತಲೇ ಹೇಳು, 'ಏನಿಲ್ಲಮ್ಮ, ಬಾ' ಅನ್ನಬೇಡ. ಬಂದ ಮೇಲೆ ಪಾಪುಗೆ ಮೊಬೈಲ್ ಹಿಡಿಸಿ ಊಟ ಮಾಡಿಸುವುದನ್ನು ಕಂಡರೆ ನಾನು ಸುಮ್ಮನಿರುವವಳಲ್ಲ, ಈಗಲೇ ಹೇಳಿದ್ದೇನೆ.

ನಿನ್ನ
ಅಮ್ಮ